ಬಣ್ಣ ಬೆರೆಸಿ ಕರಗಿಸಿದ ಜೇನುಮೇಣವನ್ನು ಪದರಪದರವಾಗಿ ಬಳಿದು ಮಾಡಿದ ಕಡಲಚಿತ್ರ ರಾಯಚೂರಿನ ಬೇಸಿಗೆಯಲ್ಲಿ ಕರಗದೆ ಉಳಿಯುತ್ತದೆಯೇ?

ಉಳಿಯುತ್ತದೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದರೂ ಮನೆಯೊಳಗಿನ ಚಿತ್ರ ಸ್ವಲ್ಪ ಮೆತ್ತಗಾಗಬಹುದಷ್ಟೆ. ನೇರ ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ಡಮಾರ್ ಎಂಬ ಮರದ ರಾಳ ಬೆರೆಸಿದರೆ ಪದರ ಗಟ್ಟಿಯಾಗುತ್ತದೆ. ಕ್ಯಾನ್ವಾಸ್ ಬಾಗಿದರೆ ಮೇಣ ಬಿರುಕುಬಿಡುವುದರಿಂದ, ಬಣ್ಣ ಬಳಿಯದ ಪ್ಲೈವುಡ್ ಹಲಗೆಯನ್ನೇ ಆರಿಸಿಕೊಳ್ಳಿ. ನೀಲಿ ಮೇಣದ ಪ್ರತಿಯೊಂದು ಪದರವನ್ನೂ ಹೀಟ್‌ಗನ್‌ನಿಂದ (ಬಿಸಿಗಾಳಿ ಊದುವ ಉಪಕರಣ) ಕೆಳಗಿನ ಪದರಕ್ಕೆ ಬೆಸೆದು, ಕೊನೆಯಲ್ಲಿ ಬಿಳಿ ಮೇಣವನ್ನು ತೆಳುವಾಗಿ ಸವರಿ, ಅದರ ಅಂಚಿಗೆ ಬಿಸಿಗಾಳಿಯನ್ನು ಓರೆಯಾಗಿ ಹಾಯಿಸಿದರೆ, ಬಿಳುಪು ಎಳೆಎಳೆಯಾಗಿ ಹರಡಿ ನೊರೆಯಂತೆ ಕಾಣುತ್ತದೆ. (ಕಡಲನ್ನೇ ಕಾಣದ ನಾನು ನೊರೆಯ ಬಾಗುಬಳುಕನ್ನು ಕಲಿತದ್ದು ಕೃಷ್ಣೆಯ ಪ್ರವಾಹ ನೋಡಿ.) ಕರಗಿಸುವಾಗ ಮೇಣ ಹೊಗೆಯಾಡತೊಡಗಿದರೆ ಒಡನೆಯೇ ಒಲೆ ಆರಿಸಿ, ಕಿಟಕಿ ತೆರೆಯಿರಿ.