ರೆಕಾರ್ಡ್ ಮಾಡಿದ ಟೆಸ್ಟ್ ಮಾರನೇ ದಿನ ಯಾಕೆ ಫೇಲ್ ಆಗುತ್ತದೆ?

ಪ್ರಶ್ನೆ: ನಾನು ವೆಬ್ ಟೆಸ್ಟಿಂಗ್‌ಗೆ ಹೊಸಬಳು. ಪ್ಲೇರೈಟ್‌ನ (ಬ್ರೌಸರನ್ನು ತಾನೇ ನಡೆಸಿ ವೆಬ್‌ಸೈಟ್ ಪರೀಕ್ಷಿಸುವ ಟೂಲ್) ರೆಕಾರ್ಡರ್ ಆದ ಕೋಡ್‌ಜೆನ್ ಹಾಕಿಕೊಂಡು ಕ್ಲಿಕ್ ಮಾಡುತ್ತಾ ಹೋದರೆ ಕೋಡ್ ತಾನೇ ತಯಾರಾಗುತ್ತದೆ. ಆದರೆ ಅದೇ ಟೆಸ್ಟ್ ಮಾರನೇ ದಿನ ಫೇಲ್ ಆಗುತ್ತದೆ. ಸ್ಕ್ರಿಪ್ಟ್ ಬರೆಯುವುದನ್ನು ಕಲಿಯಲೇಬೇಕಾ?

ಉತ್ತರ: ಕಲಿಯಲೇಬೇಕು. ಹಾಗಂತ ರೆಕಾರ್ಡಿಂಗ್ ಬಿಡಬೇಡಿ.

ನೀವು ಒಂದು ಆರ್ಡರ್ ಹಾಕಿ, ಪಟ್ಟಿಯಲ್ಲಿ ಕಂಡ ‘ಆರ್ಡರ್ 48213’ ಮೇಲೆ ಕ್ಲಿಕ್ ಮಾಡಿದಿರಿ ಅಂದುಕೊಳ್ಳಿ. ಕೋಡ್‌ಜೆನ್ ಆ ನಂಬರ್ ಸಮೇತ ಬರೆದುಕೊಳ್ಳುತ್ತದೆ. ಮಾರನೇ ದಿನ ಡೇಟಾ ಬದಲಾಗಿರುತ್ತದೆ, ಟೂಲ್ ಮಾತ್ರ ಹಳೆಯ ನಂಬರನ್ನೇ ಹುಡುಕುತ್ತಾ ಕೂತು ಕೊನೆಗೆ ಟೈಮ್‌ಔಟ್ ಅನ್ನುತ್ತದೆ (ನೀವು ಬದಲಿಸದಿದ್ದರೆ ಒಂದು ಟೆಸ್ಟ್‌ಗೆ ಸಿಗುವ ಸಮಯ 30 ಸೆಕೆಂಡ್). ಹಳೆಯ ಆರ್ಡರ್ ಪಟ್ಟಿಯಲ್ಲೇ ಉಳಿದಿದ್ದರೆ ಇನ್ನೂ ಕಷ್ಟ. ಟೆಸ್ಟ್ ಪಾಸ್ ಆಗುತ್ತದೆ, ಆದರೆ ಇವತ್ತಿನ ಆರ್ಡರನ್ನು ಯಾರೂ ನೋಡಿರುವುದಿಲ್ಲ. ನನಗೆ ಫೇಲ್ ಆಗುವ ಟೆಸ್ಟ್‌ಗಿಂತ ಇದರ ಭಯವೇ ಜಾಸ್ತಿ.

ಕೋಡ್ ಬರೆದರೆ, ಆರ್ಡರ್ ಆದ ತಕ್ಷಣ ಪುಟದಲ್ಲಿ ಬಂದ ನಂಬರನ್ನು ವೇರಿಯಬಲ್‌ಗೆ (ಕೋಡ್‌ನಲ್ಲಿ ಮಾಹಿತಿ ಇಟ್ಟುಕೊಳ್ಳುವ ಹೆಸರು) ಹಾಕಿಕೊಂಡು, ಪಟ್ಟಿಯಲ್ಲಿ ಅದನ್ನೇ ಹುಡುಕಿ, ಮೊತ್ತ ಸರಿಯಿದೆಯಾ ಅಂತ ನೋಡುವ ಎಕ್ಸ್‌ಪೆಕ್ಟ್ ಸಾಲು ಹಾಕಬಹುದು. ಕೋಡ್‌ಜೆನ್‌ನಲ್ಲೂ ಇಂಥ ಪರೀಕ್ಷೆ (ಅಸರ್ಷನ್) ಸೇರಿಸುವ ಬಟನ್‌ಗಳಿವೆ, ಆದರೆ ಏನನ್ನು ಪರೀಕ್ಷಿಸಬೇಕು ಅಂತ ಯೋಚಿಸುವವರು ನೀವೇ ಅಲ್ವಾ? ಹತ್ತು ಬಗೆಯ ಡೇಟಾಗೆ ಒಂದೇ ಟೆಸ್ಟ್ ಓಡಿಸಲು, ಪ್ರತಿ ಕಮಿಟ್‌ಗೂ (ಕೋಡ್ ಬದಲಾವಣೆ ಸೇರಿಸಿದಾಗಲೆಲ್ಲ) ಸಿಐನಲ್ಲಿ, ಅಂದರೆ ಟೆಸ್ಟ್‌ಗಳನ್ನು ತಾನೇ ಓಡಿಸುವ ಸರ್ವರ್‌ನಲ್ಲಿ, ಹೆಡ್‌ಲೆಸ್ ಆಗಿ (ಬ್ರೌಸರ್ ಕಿಟಕಿ ಕಾಣಿಸದಂತೆ) ಓಡಿಸಲು ಕೋಡೇ ಬೇಕು.

ಲೊಕೇಟರ್ (ಪುಟದಲ್ಲಿ ಬಟನ್, ಲಿಂಕ್ ಯಾವುದು ಅಂತ ಗುರುತಿಸುವ ಸಾಲು) ಹುಡುಕುವಾಗ ಮಾತ್ರ ಕೈಯಲ್ಲಿ ಮಾಡುವುದೇ ಬೇಗ. ಟೆಸ್ಟ್ ಎಡವುವ ಸಾಲಿನ ಮುಂಚೆ ಟೆಸ್ಟನ್ನು ಅಲ್ಲೇ ನಿಲ್ಲಿಸುವ ಪೇಜ್.ಪಾಝ್ ಹಾಕಿ, ಹೆಡೆಡ್ ಮೋಡ್‌ನಲ್ಲಿ (ಬ್ರೌಸರ್ ಕಾಣುವಂತೆ) ಓಡಿಸಿ. ಬ್ರೌಸರ್ ಅಲ್ಲೇ ನಿಲ್ಲುತ್ತದೆ, ಪ್ಲೇರೈಟ್‌ನ ಇನ್‌ಸ್ಪೆಕ್ಟರ್ ಕಿಟಕಿ ತೆರೆಯುತ್ತದೆ. ಅಲ್ಲಿ ಲೊಕೇಟರ್ ತಿದ್ದುತ್ತಾ ಹೋದರೆ ಪುಟದಲ್ಲಿ ಯಾವುದಕ್ಕೆ ಹೊಂದುತ್ತದೆ ಅಂತ ಆಗಲೇ ಹೈಲೈಟ್ ಆಗಿ ಕಾಣುತ್ತದೆ. ಒಂದರ ಬದಲು ಮೂರು ಬಟನ್ ಹೈಲೈಟ್ ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಯಿತು. ಸುಮ್ನೆ ಸ್ಲೀಪ್ (ಇಷ್ಟು ಸೆಕೆಂಡ್ ಕಾಯಿ ಅನ್ನುವ ಸಾಲು) ತುರುಕಬೇಡಿ. ಎಲಿಮೆಂಟ್ ಕಾಣಿಸಿಕೊಂಡು, ಅಲುಗಾಡುವುದು ನಿಂತು, ಎನೇಬಲ್ ಆಗುವವರೆಗೆ ಪ್ಲೇರೈಟ್‌ನ ಕ್ಲಿಕ್ ತಾನೇ ಕಾಯುತ್ತದೆ.

ಸೆಲೆನಿಯಂ ಐಡಿಇ ಅನ್ನುವ ಇನ್ನೊಂದು ರೆಕಾರ್ಡರ್‌ನಲ್ಲೂ ರೆಕಾರ್ಡ್ ಮಾಡಿ ಜಾವಾ, ಪೈಥಾನ್‌ಗೆ ಎಕ್ಸ್‌ಪೋರ್ಟ್ ಮಾಡಬಹುದು. ಅಲ್ಲೂ ಇದೇ ಕಥೆ.

ನೀವೀಗ ಮಾಡಬೇಕಾದ್ದು ಇಷ್ಟು: ಫೇಲ್ ಆಗುತ್ತಿರುವ ಟೆಸ್ಟ್ ತೆರೆದು, ನಂಬರ್, ತಾರೀಕು, ಹೆಸರು ನೇರವಾಗಿ ಬರೆದಿರುವ ಸಾಲುಗಳನ್ನೆಲ್ಲ ಹುಡುಕಿ, ಒಂದೊಂದಾಗಿ ವೇರಿಯಬಲ್‌ಗೆ ಬದಲಿಸಿ. ಕಮಿಟ್ ಮಾಡುವ ಮುಂಚೆ ಆ ಪಾಝ್ ಸಾಲು ಅಳಿಸಿಬಿಡಿ.