ಕೆನಡಾ ಪಿಆರ್: ನಿಮ್ಮ ಪ್ರಶ್ನೆ, ಮಿಸೆಸ್ ಹೊಸಹಳ್ಳಿಯ ಉತ್ತರ

ಹೋದ ಸಂಚಿಕೆಯಲ್ಲಿ ಕೆನಡಾದ ಪರ್ಮನೆಂಟ್ ರೆಸಿಡೆನ್ಸ್, ಅಂದರೆ ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಬಗ್ಗೆ ನಾಲ್ಕು ಸಾಲು ಬರೆದದ್ದೇ ನೆಪ, ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲೆಯೂ ಅಲ್ಲ, ಲೈಸೆನ್ಸ್ ಇರುವ ಕನ್ಸಲ್ಟೆಂಟೂ ಅಲ್ಲ. 2014ರ ಜೂನ್‌ನಲ್ಲಿ ನಾನೂ ನಮ್ಮವರೂ ಸೇರಿ ಸ್ಕಿಲ್ಡ್ ವರ್ಕರ್ ಅರ್ಜಿ ಹಾಕಿದವರು. ಆಗೆಲ್ಲ ಕಾಗದದ ಕಾಲ. ಎರಡೂವರೆ ಕೇಜಿ ತೂಗಿದ ಕಟ್ಟನ್ನು ಶಿವಮೊಗ್ಗದ ಕೊರಿಯರ್ ಅಂಗಡಿಗೆ ಒಯ್ದರೆ, ಅಲ್ಲಿದ್ದ ಹುಡುಗ 'ಸಿಡ್ನಿ ಅಂದ್ರೆ ಆಸ್ಟ್ರೇಲಿಯಾ ಅಲ್ವಾ ಮೇಡಂ, ಕೆನಡಾ ಅಂತ ಯಾಕೆ ಬರ್ದಿದೀರಿ' ಎಂದು ವಿಳಾಸ ತಿದ್ದಲು ಪೆನ್ನು ತೆಗೆದಿದ್ದ. ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲೂ ಒಂದು ಸಿಡ್ನಿ ಇದೆ, ನಮ್ಮ ಅರ್ಜಿಗಳೆಲ್ಲ ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ಬೆವರಿಳಿದಿತ್ತು. 2015ರ ಜನವರಿಯಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಹೊಸ ಆಯ್ಕೆ ವ್ಯವಸ್ಥೆ ಬಂದು ಅರ್ಜಿ ಆನ್‌ಲೈನ್ ಆಯಿತು. ಕೊರಿಯರ್ ಹುಡುಗನ ಕಾಟ ನಿಮಗಿಲ್ಲ.

ಮದುವೆಯಾಗಿಲ್ಲ, ವಯಸ್ಸು 31, ಬಿ.ಇ. ಮುಗಿಸಿ ಐದು ವರ್ಷ ಕೆಲಸ ಮಾಡಿದ್ದೇನೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಲಿಸನಿಂಗ್ 8, ರೀಡಿಂಗ್ 7.5, ಸ್ಪೀಕಿಂಗ್ 7, ರೈಟಿಂಗ್ ಮಾತ್ರ 6.5. ಗೆಳೆಯರು ಪೂಲ್, ಐಟಿಎ, ಎಓಆರ್ ಎನ್ನುವಾಗ ಸುಮ್ಮನೆ ತಲೆಯಾಡಿಸುತ್ತೇನೆ. ಯಾವುದಾದ ಮೇಲೆ ಯಾವುದು? — ಒಬ್ಬ ಓದುಗ, ತುಮಕೂರು

ನಿಮ್ಮ ಗೆಳೆಯರಲ್ಲೂ ಅರ್ಧ ಜನ ಸುಮ್ಮನೆ ತಲೆಯಾಡಿಸುವವರೇ ಇರಬಹುದು.

ಇಲ್ಲಿ ಎರಡು ಲೆಕ್ಕಗಳಿವೆ, ಜನ ಕಲಸಿಕೊಳ್ಳುವುದು ಇಲ್ಲೇ. ಮೊದಲನೆಯದು 100ಕ್ಕೆ 67. ಓದು, ಭಾಷೆ, ಅನುಭವ, ವಯಸ್ಸು ಎಲ್ಲ ಕೂಡಿಸಿ ಅಷ್ಟು ಬಂದರೆ ಫೆಡರಲ್ ಸ್ಕಿಲ್ಡ್ ವರ್ಕರ್ ಎಂದು ಪೂಲ್ ಎಂಬ ಅಭ್ಯರ್ಥಿಗಳ ಪಟ್ಟಿಯೊಳಗೆ ಬಿಡುತ್ತಾರೆ. ಅದು ಮದುವೆ ಮನೆಯ ಬಾಗಿಲು ದಾಟಿದಂತೆ, ಪಂಕ್ತಿಯಲ್ಲಿ ಎಲೆ ಸಿಗುವುದು ಬೇರೆ ವಿಚಾರ. ಎಲೆ ಹಾಕುವ ಲೆಕ್ಕ ಎರಡನೆಯದು, 1,200ಕ್ಕೆ ಎಣಿಸುವ ಸಿಆರ್‌ಎಸ್ ಎಂಬ ರ‍್ಯಾಂಕಿಂಗ್ ಅಂಕ. ಆಗಾಗ ಡ್ರಾ ಎಂಬ ಆಯ್ಕೆಯ ಸುತ್ತು ನಡೆಯುತ್ತದೆ. ಅಂದಿನ ಕಟ್‌ಆಫ್‌ಗಿಂತ ಮೇಲಿದ್ದವರಿಗೆ ಬರುವ ಕರೆಯೋಲೆಯೇ ಐಟಿಎ. ಕರೆ ಬಂದ ದಿನದಿಂದ 60 ದಿನದಲ್ಲಿ ಎಲ್ಲ ಕಾಗದ ಸೇರಿಸಿ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿ ಎಓಆರ್. ಆಮೇಲೆ ಬಯೋಮೆಟ್ರಿಕ್ಸ್, ಹಿನ್ನೆಲೆಯ ತಪಾಸಣೆ, ಕೊನೆಗೆ ಪಿಆರ್ ಸಿಕ್ಕಿತೆಂಬ ದೃಢೀಕರಣ ಪತ್ರ ಸಿಓಪಿಆರ್. ಮೆಡಿಕಲ್, ಅಂದರೆ ಆರೋಗ್ಯ ತಪಾಸಣೆ, ಮೊದಲು ಅರ್ಜಿ ಹಾಕಿದ ಮೇಲೆ ಕೇಳುತ್ತಿದ್ದರು. 2025ರ ಆಗಸ್ಟ್ 21ರಿಂದ ಎಕ್ಸ್‌ಪ್ರೆಸ್ ಎಂಟ್ರಿಯವರು ಅದನ್ನು ಮೊದಲೇ ಮಾಡಿಸಿ ಅರ್ಜಿಯ ಜೊತೆಗೇ ಕೊಡಬೇಕು. ಅವರ ಪಟ್ಟಿಯಲ್ಲಿರುವ ಪ್ಯಾನಲ್ ವೈದ್ಯರ ಹತ್ತಿರವೇ ಆಗಬೇಕು, ನಿಮ್ಮ ಫ್ಯಾಮಿಲಿ ಡಾಕ್ಟರ ಚೀಟಿ ನಡೆಯುವುದಿಲ್ಲ.

ಈಗ ನಿಮ್ಮ ರೈಟಿಂಗ್ 6.5ಕ್ಕೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಕಂಡ ಒಂದೇ ತೂತು ಅದು. ಅದನ್ನು 7 ಮಾಡಿಕೊಂಡರೆ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ (ಕೆನಡಾದವರ ಭಾಷಾ ಮಟ್ಟದ ಅಳತೆ) 9 ಮುಟ್ಟುತ್ತೀರಿ. ಆಗ ಸಿಆರ್‌ಎಸ್‌ನಲ್ಲಿ ಭಾಷೆಗೆ 8 ಅಂಕ, ಪದವಿ ಮತ್ತು ಭಾಷೆಯ ಜೋಡಿಗೆ 12, ಮೂರು ವರ್ಷ ದಾಟಿದ ಅನುಭವ ಮತ್ತು ಭಾಷೆಯ ಜೋಡಿಗೆ 25, ಒಟ್ಟು 45 ಅಂಕ ಏರುತ್ತದೆ. ಅರ್ಧ ಬ್ಯಾಂಡ್‌ಗೆ 45! ಇನ್ನೊಂದು ಕಡೆ 31 ತುಂಬಿ 32 ಆದ ದಿನ ವಯಸ್ಸಿನ ಲೆಕ್ಕದಲ್ಲಿ 99 ಇದ್ದದ್ದು 94ಕ್ಕೆ ಇಳಿಯುತ್ತದೆ. ಹುಟ್ಟುಹಬ್ಬ ಹತ್ತಿರವಿದೆ ಎಂದು ಗಾಬರಿಯಾಗಿ ಪೂಲ್‌ಗೆ ಹಾರುವ ಬದಲು ಎರಡು ತಿಂಗಳು ಕೂತು ಪ್ರಬಂಧ ಬರೆಯುವುದನ್ನು ಕಲಿಯಿರಿ. ಪರೀಕ್ಷೆ ಮತ್ತೆ ಬರೆಯುವುದರಲ್ಲಿ ನಾಚಿಕೆ ಏನೂ ಇಲ್ಲ. ನಮ್ಮವರು ಮೂರು ಸಲ ಬರೆದರು, ಮೂರನೆಯದು ನೆಂಟರಿಗೆ ಗೊತ್ತಿಲ್ಲ.

ಪಾಸ್‌ಪೋರ್ಟ್‌ನಲ್ಲಿ ನನ್ನ ಇಡೀ ಹೆಸರು ಗಿವನ್ ನೇಮ್ ಜಾಗದಲ್ಲಿದೆ, ಸರ್‌ನೇಮ್ ಖಾಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಡಿಗ್ರಿಯಲ್ಲಿ ಒಂದೇ. ಇದರಿಂದ ಅರ್ಜಿ ತಿರಸ್ಕಾರ ಆಗುತ್ತದೆಯೇ? — ಓದುಗಿ, ಮೈಸೂರು

ಇದು ಬರೀ ನಿಮ್ಮ ಸಮಸ್ಯೆಯಲ್ಲ, ಅರ್ಧ ಕರ್ನಾಟಕದ್ದು. ನಮಗೆ ಇನಿಷಿಯಲ್ ಅಂದರೆ ಅಪ್ಪ, ಅಜ್ಜ, ಊರು, ಕೆಲವೊಮ್ಮೆ ಮೂರೂ. ಫಾರ್ಮ್ ತಯಾರಿಸಿದವರಿಗೆ ಅಂಥದ್ದೊಂದು ಇದೆ ಎಂಬ ಕಲ್ಪನೆಯೇ ಇಲ್ಲ.

ನನ್ನ ಇನಿಷಿಯಲ್ 'ಎಚ್', ಅಂದರೆ ಹೊಸಹಳ್ಳಿ. ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಏಜೆಂಟ್ ಸರ್‌ನೇಮ್ ಕಾಲಂ ಖಾಲಿ ಬಿಡಬಾರದೆಂದು ಊರನ್ನೇ ಅಲ್ಲಿ ತುಂಬಿದ. ಇಲ್ಲಿ ಕೆನಡಾದ ಬ್ರ್ಯಾಂಪ್ಟನ್ನಿನ ಕ್ಲಿನಿಕ್ಕಿನಲ್ಲಿ ಮೊದಲ ಸಲ ಕಾದು ಕೂತಾಗ ನರ್ಸ್ ಬಾಗಿಲಲ್ಲಿ ನಿಂತು 'ಮಿಸೆಸ್ ಹೋಸಾಹಲ್ಲೀ' ಎಂದು ಮೂರು ಸಲ ಕೂಗಿದಳು. ಕರೆದದ್ದು ಇನ್ಯಾರನ್ನೋ ಎಂದು ನಾನು ಆರಾಮಾಗಿ ಕೂತಿದ್ದೆ. ಸುಮಾರು ಇನ್ನೂರು ಮನೆಯ ಊರಿಗೆ ಊರೇ ನನ್ನ ಹೆಸರಿನಲ್ಲಿ ಬಂದು ಕೂತಿದೆ. ನಮ್ಮವರ ಸರ್‌ನೇಮ್ ಮಾವನವರ ಹೆಸರು. ಊರಲ್ಲಿ ಆ ಹೆಸರನ್ನು ಬಾಯಿ ಬಿಟ್ಟು ಹೇಳದ ಸೊಸೆ ನಾನು, ಇಲ್ಲಿ ಬ್ಯಾಂಕಿನವರಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ.

ನಿಮಗೆ ಉತ್ತರ: ತಿರಸ್ಕಾರ ಆಗುವುದಿಲ್ಲ. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟ್ ಇದ್ದರೆ ಇಡೀ ಹೆಸರನ್ನು ಫ್ಯಾಮಿಲಿ ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡಿ ಎಂದು ಕೆನಡಾದ ಇಮಿಗ್ರೇಷನ್ ಇಲಾಖೆಯೇ ಹೇಳಿದೆ. ಅಂಕಪಟ್ಟಿಯ ಹೆಸರು, ಡಿಗ್ರಿಯ ಹೆಸರು ಎಲ್ಲವನ್ನೂ 'ಬಳಸಿದ ಇತರ ಹೆಸರುಗಳು' ಎಂಬಲ್ಲಿ ತುಂಬಿ. ಇವೆಲ್ಲ ಒಬ್ಬರದೇ ಹೆಸರು ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಹೆಸರು ಒಡೆದು ಹೊಸ ಪಾಸ್‌ಪೋರ್ಟ್ ಮಾಡಿಸುವ ಮನಸ್ಸಿದ್ದರೆ ಐಇಎಲ್‌ಟಿಎಸ್‌ಗೂ ಪದವಿ ಮೌಲ್ಯಮಾಪನಕ್ಕೂ ಹಣ ಕಟ್ಟುವ ಮುಂಚೆಯೇ ಮಾಡಿಸಿ. ಆಮೇಲಾದರೆ ಆ ಕಾಗದಗಳಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು.

ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಸಿಎನ್‌ಸಿ ಮಷಿನ್ ನಡೆಸಿದೆ. ಆರ್ಡರ್ ಕಾಪಿಯಲ್ಲಿ 'ಎಂಜಿನಿಯರ್' ಎಂದಿದೆ. ಮಾಲೀಕರು ಎರಡು ಸಾಲಿನ ರಿಲೀವಿಂಗ್ ಲೆಟರ್ ಬಿಟ್ಟು ಬೇರೇನೂ ಕೊಡುವುದಿಲ್ಲ ಎನ್ನುತ್ತಾರೆ. ಒಬ್ಬ ಕನ್ಸಲ್ಟೆಂಟ್ 'ಲೆಟರ್‌ಹೆಡ್ ನಾವೇ ಮಾಡಿಕೊಳ್ಳೋಣ, ನಲವತ್ತು ಸಾವಿರ ಆಗುತ್ತೆ' ಅಂದರು. — ಹೆಸರು ಬೇಡ, ಬೆಂಗಳೂರು

ಆ ಕನ್ಸಲ್ಟೆಂಟ್ ನಂಬರನ್ನು ಈಗಲೇ ಅಳಿಸಿ, ಆಮೇಲೆ ಮುಂದೆ ಓದಿ.

ಸುಳ್ಳು ಕಾಗದ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಮುಚ್ಚುವುದು ನಿಮ್ಮ ಪಾಲಿಗೆ, ನಲವತ್ತು ಸಾವಿರ ತಿಂದವನ ಪಾಲಿಗಲ್ಲ. ಹಣ ಪಡೆದು ಸಲಹೆ ಕೊಡುವವರು ಕೆನಡಾದ ವಕೀಲರಾಗಿರಬೇಕು, ಇಲ್ಲವೇ ಅಲ್ಲಿಯ ಇಮಿಗ್ರೇಷನ್ ಕನ್ಸಲ್ಟೆಂಟರ 'ಕಾಲೇಜ್' ಎಂಬ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಹೊಂದಿರಬೇಕು. ಆ ಕಾಲೇಜಿನ ಪಟ್ಟಿ ಆನ್‌ಲೈನ್‌ನಲ್ಲಿದೆ, ಹೆಸರು ಹಾಕಿ ನೋಡಿ.

ಅನುಭವ ಪತ್ರದಲ್ಲಿ ಅಧಿಕಾರಿ ಹುಡುಕುವುದು ಹುದ್ದೆ, ಎಂದಿನಿಂದ ಎಂದಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೀವು ದಿನಾ ಮಾಡುತ್ತಿದ್ದ ಕೆಲಸ. ಕಾಗದದಲ್ಲಿ ಎಂಜಿನಿಯರ್ ಎಂದಿದ್ದ ಮಾತ್ರಕ್ಕೆ ಕೆನಡಾ ಸರ್ಕಾರದ ಉದ್ಯೋಗಗಳ ಪಟ್ಟಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಕೋಡ್ 21301 ಹಾಕಬೇಡಿ. ಡ್ರಾಯಿಂಗ್ ಓದಿ, ಜಾಬ್ ಸೆಟ್ ಮಾಡಿ, ಮೈಕ್ರೋಮೀಟರ್ ಹಿಡಿದು ಅಳತೆ ನೋಡುತ್ತಿದ್ದವರು ನೀವಾದರೆ ನಿಮ್ಮ ಕೋಡ್ ಮೆಷಿನಿಸ್ಟರದ್ದು, 72100. ಅದೂ ನುರಿತ ಕೆಲಸವೇ, ಅದರಿಂದಲೂ ಅರ್ಹತೆ ಬರುತ್ತದೆ. ಆ ಪಟ್ಟಿಯ ಸರ್ಕಾರಿ ವಿವರಣೆಯ ವಾಕ್ಯಗಳನ್ನು ಹಾಗ್ಹಾಗೇ ನಕಲು ಮಾಡಬೇಡಿ, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. 'ಫ್ಯಾನುಕ್ ಕಂಟ್ರೋಲ್‌ನ ಲೇತ್‌ನಲ್ಲಿ ವಾಲ್ವ್ ಬಾಡಿ ತೆಗೆಯುತ್ತಿದ್ದೆ' ಎಂಬಂಥ ಒಂದು ಸಾಲಿಗಿರುವ ಬೆಲೆ ಅದಕ್ಕಿಲ್ಲ.

ಮಾಲೀಕರ ಬಳಿ ಇನ್ನೊಮ್ಮೆ ಹೋಗಿ, ಈ ಸಲ ಪತ್ರವನ್ನು ನೀವೇ ಟೈಪ್ ಮಾಡಿಕೊಂಡು ಹೋಗಿ. ಬಹಳ ಸಲ ಅವರಿಗೆ ಕೊಡಲು ಮನಸ್ಸಿಲ್ಲ ಎಂದಲ್ಲ, ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುವ ಸಂಕಟ. ಆಗಲೂ ಆಗದಿದ್ದರೆ ನಿಮ್ಮ ಮೇಲಿದ್ದ ಸೂಪರ್‌ವೈಸರ್ ಕೈಲಿ ನೋಟರಿ ಮಾಡಿಸಿದ ಹೇಳಿಕೆ ತೆಗೆದುಕೊಳ್ಳಿ. ಪಿಎಫ್ ಪಾಸ್‌ಬುಕ್, ಸಂಬಳದ ಚೀಟಿ, ಫಾರ್ಮ್ 16, ಸಂಬಳ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ, ಕಂಪನಿ ಪತ್ರ ಯಾಕಿಲ್ಲ ಎಂದು ವಿವರಣೆ ಬರೆದು, ಮಾಲೀಕರನ್ನು ಕೇಳಿ ಕಳಿಸಿದ ಇ-ಮೇಲ್ ಪ್ರತಿಯನ್ನೂ ಸೇರಿಸಿ. ಕೇಳಿದ್ದಕ್ಕೆ ಸಾಕ್ಷಿ ಬೇಕು. ಬಾಯಿಮಾತಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಅಡಿಕೆ ಮಾರಿದ ದುಡ್ಡು ಅಪ್ಪ ನನ್ನ ಖಾತೆಗೆ ಹಾಕುತ್ತೇನೆ ಎನ್ನುತ್ತಾರೆ. ಸಾಲದಿದ್ದರೆ ತೋಟದ ಬೆಲೆ ತೋರಿಸಬಹುದೇ? — ಒಬ್ಬ ಓದುಗ, ಚನ್ನಗಿರಿ

ತೋಟ, ಸೈಟು, ಮನೆ ಯಾವುದನ್ನೂ ಸೆಟಲ್‌ಮೆಂಟ್ ಫಂಡ್ಸ್, ಅಂದರೆ ಅಲ್ಲಿ ಹೋಗಿ ನೆಲೆಯೂರಲು ಕೈಯಲ್ಲಿದೆ ಎಂದು ತೋರಿಸಬೇಕಾದ ಹಣದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲದ ಹಣವೂ ಆಗದು. ಅಪ್ಪ ಕೊಡುವುದು ಸಾಲವಲ್ಲ, ವಾಪಸ್ ಕೇಳುವುದಿಲ್ಲ ಎಂದು ಗಿಫ್ಟ್ ಡೀಡ್ ಮಾಡಿಸಿ, ಮಂಡಿಯವರು ಕೊಟ್ಟ ಬಿಲ್ಲನ್ನೂ ಇಡಿ. ಎಷ್ಟು ಹಣ ಬೇಕು ಎಂಬುದು ಕುಟುಂಬದ ಗಾತ್ರದ ಮೇಲಿದೆ, ಪ್ರತಿ ವರ್ಷ ಬದಲಾಗುತ್ತದೆ. ಅಂಚಿನಲ್ಲಿ ನಿಲ್ಲಬೇಡಿ, ರೂಪಾಯಿ ಬಿದ್ದರೆ ಲೆಕ್ಕವೂ ಬೀಳುತ್ತದೆ.

ನಿಜವಾದ ಪರೀಕ್ಷೆ ಬ್ಯಾಂಕ್ ಪತ್ರ. ಖಾತೆ ತೆರೆದ ದಿನ, ಈಗಿನ ಬಾಕಿ, ಆರು ತಿಂಗಳ ಸರಾಸರಿ, ಇರುವ ಸಾಲ ಇಷ್ಟೂ ಲೆಟರ್‌ಹೆಡ್ ಮೇಲೆ ಬರಬೇಕು. ಅಡಿಕೆ ಹಣ ನಿನ್ನೆ ಬಂದು ಕೂತರೆ ಸರಾಸರಿ ಅದನ್ನು ತೋರಿಸಿಬಿಡುತ್ತದೆ, ಹಾಗಾಗಿ ಬೇಗ ಹಾಕಿಸಿ. ನಮ್ಮ ಬ್ರಾಂಚ್ ಮ್ಯಾನೇಜರ್ 'ಸರಾಸರಿ ಬರ್ಕೊಡೋ ಫಾರ್ಮ್ಯಾಟ್ ನಮ್ಮಲ್ಲಿಲ್ಲ ಮೇಡಂ' ಎಂದು ಮೂರು ದಿನ ಓಡಾಡಿಸಿದರು. ಕೊನೆಗೆ ನಾನೇ ಕೂಡಿಸಿ ಭಾಗಿಸಿ ಪತ್ರ ಟೈಪ್ ಮಾಡಿಸಿ ಕೊಟ್ಟೆ. 'ಇದರಿಂದ ಬ್ಯಾಂಕಿಗೆ ಯಾವ ಹೊಣೆಯೂ ಇಲ್ಲ' ಎಂಬ ಸಾಲನ್ನು ತಾವಾಗಿ ಸೇರಿಸಿ ಸೀಲು ಒತ್ತಿದರು. ಆ ಸಾಲಿನಿಂದ ನಮಗೇನೂ ತೊಂದರೆಯಾಗಲಿಲ್ಲ.

ಮಗ ಸೊಸೆ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಸೊಸೆಗೆ ಈಗ ಮೂರು ತಿಂಗಳು. ಹೇಳಿದರೆ ತಡವಾಗುತ್ತೆ, ಸುಮ್ಮನಿರೋಣ ಅಂತಾನೆ ಮಗ. — ಒಬ್ಬ ತಾಯಿ, ಹಾಸನ

ಅಮ್ಮಾ, ಮೊದಲು ಸಂತೋಷ. ಆಮೇಲೆ ನಿಮ್ಮ ಮಗನಿಗೆ ಈ ಪುಟ ಓದಿಸಿ.

ಅಲ್ಲಿ ಹೋಗಿ ಇಳಿಯುವ ಮುಂಚೆ ಮಗು ಹುಟ್ಟಿದರೆ ಅದನ್ನು ಅರ್ಜಿಗೆ ಸೇರಿಸಲೇಬೇಕು. ಜನನ ಪತ್ರ, ಪಾಸ್‌ಪೋರ್ಟ್, ಮೆಡಿಕಲ್ ಎಲ್ಲ ಕೂಸಿಗೂ ಆಗಬೇಕು, ಕುಟುಂಬ ದೊಡ್ಡದಾಯಿತೆಂದು ತೋರಿಸುವ ಹಣವೂ ಏರುತ್ತದೆ. ಒಂದಷ್ಟು ತಿಂಗಳು ತಡವಾಗುವುದು ನಿಜ. ಮುಚ್ಚಿಟ್ಟು ಹೋದರೆ ಮಾತ್ರ, ತಪಾಸಣೆಯೇ ಆಗದ ಆ ಮಗುವನ್ನು ಮುಂದೆ ತಂದೆತಾಯಿ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಲು ಕಾನೂನೇ ಅಡ್ಡ ಬರುತ್ತದೆ. ಎಳೆಗೂಸು ನಿಮ್ಮ ಮಡಿಲಲ್ಲಿ, ಅವರಿಬ್ಬರೂ ಅಲ್ಲಿ. ತಡ ಅಂದರೆ ಅದು.

ಎರಡು ಜೀವಕ್ಕೆ ಸಮಾಧಾನವಾಗುವ ಒಂದು ಮಾತು: ಮೆಡಿಕಲ್‌ನ ಎದೆಯ ಎಕ್ಸ್‌ರೇ ಇನ್ನೂ ಆಗಿಲ್ಲದಿದ್ದರೆ ಹೆರಿಗೆಯವರೆಗೆ ಮುಂದೂಡಲು ಅವಕಾಶವಿದೆ, ಪ್ಯಾನಲ್ ವೈದ್ಯರಿಗೆ ಬಸುರಿ ಎಂದು ಹೇಳಿದರೆ ಸಾಕು. ಹೆರಿಗೆಗೆ ಮುಂಚೆಯೇ ಸಿಓಪಿಆರ್ ಬಂದು ಅಲ್ಲಿ ಹೋಗಿ ಹೆತ್ತರೆ ಮಗು ಹುಟ್ಟಿನಿಂದಲೇ ಕೆನಡಾ ಪ್ರಜೆ. ಆಗ ಬಾಣಂತನಕ್ಕೆ ನೀವೇ ಹೋಗಬೇಕಾಗುತ್ತದೆ, ನಿಮ್ಮ ಪಾಸ್‌ಪೋರ್ಟ್ ಇದೆಯೋ ನೋಡಿಕೊಳ್ಳಿ.

ದಿನಕ್ಕೆ ಹತ್ತು ಸಲ ಅರ್ಜಿಯ ಸ್ಟೇಟಸ್ ನೋಡುತ್ತೇನೆ. ಏನೂ ಬದಲಾಗುವುದಿಲ್ಲ. — ಓದುಗ, ಹುಬ್ಬಳ್ಳಿ

ಹನ್ನೊಂದನೆಯ ಸಲವೂ ಬದಲಾಗುವುದಿಲ್ಲ. ಈ ಹೊತ್ತಿನಲ್ಲಿ ಪಾಸ್‌ಪೋರ್ಟಿನ ಅವಧಿ ಎಂದಿಗೆ ಮುಗಿಯುತ್ತದೆ, ಮೆಡಿಕಲ್‌ಗೆ ಒಂದು ವರ್ಷ ಎಂದಿಗೆ ತುಂಬುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆ ಬದಲಿಸಿದರೆ, ಕೆಲಸ ಬಿಟ್ಟರೆ, ಮದುವೆಯಾದರೆ ಇಮಿಗ್ರೇಷನ್ ಇಲಾಖೆಗೆ ತಿಳಿಸಿ.

ಸಿಓಪಿಆರ್ ಬಂತು! ಒಡವೆ, ಮಿಕ್ಸಿ, ಈಳಿಗೆಮಣೆ ಏನೆಲ್ಲ ತರಬಹುದು? — ಓದುಗಿ, ಸಾಗರ

ಒಡವೆ ತನ್ನಿ. ಪ್ರತಿಯೊಂದರ ಫೋಟೋ ತೆಗೆದು, ಬೆಲೆ ಸಮೇತ ಪಟ್ಟಿ ಮಾಡಿ, ಇಳಿದ ದಿನವೇ ಕಸ್ಟಮ್ಸ್‌ನವರಿಗೆ ಕೊಡಿ. ಹಿಂದೆ ಬರಲಿರುವ ಸಾಮಾನಿಗೆ ಬೇರೆ ಪಟ್ಟಿ, ಅದನ್ನೂ ಆ ದಿನವೇ ಕೊಡಬೇಕು. 10,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಹಣ ಕೈಯಲ್ಲಿದ್ದರೆ ಕೇಳುವ ಮುಂಚೆ ಹೇಳಿ. ಮಿಕ್ಸಿ ಬೇಡ, ಇಲ್ಲಿಯ ಕರೆಂಟು 120 ವೋಲ್ಟ್. ನಾನು ತಂದದ್ದು ಚಟ್ನಿ ಅರೆಯದೆ ಗೊರಗೊರ ಅಂದು ಸುಮ್ಮನಾಯಿತು, ಇನ್ನೂ ಬೇಸ್‌ಮೆಂಟ್‌ನಲ್ಲಿದೆ. ಈಳಿಗೆಮಣೆಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ಮಧ್ಯದಲ್ಲಿಡಿ. ಅದನ್ನು ಬಿಚ್ಚಿ ನೋಡಿದ ಅಧಿಕಾರಿಗೆ ತೆಂಗಿನಕಾಯಿ ತುರಿಯುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಬೇಕಾಗಬಹುದು, ನಾನು ತೋರಿಸಿದ್ದೇನೆ.