ಸಬ್‌ವೂಫರ್: ವ್ಯಾಟ್ ಎಣಿಸುವ ಮುನ್ನ ಕೋಣೆಯನ್ನು ಅಳೆಯಿರಿ

ಪ್ರಶ್ನೆ: ನಮ್ಮ ಹಜಾರ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರವಿದ್ದು, ಬಾಗಿಲು ಹಾಕಿಕೊಂಡರೆ ಪೂರ್ತಿ ಮುಚ್ಚಿದ ಕೋಣೆಯಾಗುತ್ತದೆ. ನಮ್ಮಲ್ಲಿ ಒಂದು ಎವಿ ರಿಸೀವರ್ (ಟಿವಿ ಮುಂತಾದವುಗಳ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಮತ್ತು ಎರಡು ಸಣ್ಣ ಸ್ಪೀಕರ್‌ಗಳಿವೆ. ಅವುಗಳ ಜೊತೆಗೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್ ಕೊಳ್ಳಲು ಹೊರಟು ಎರಡು ಮಾದರಿಗಳ ಮುಂದೆ ಬಂದು ನಿಂತಿದ್ದೇನೆ. ಒಂದು 10 ಇಂಚಿನ ಡ್ರೈವರ್ (ಕೋನ್ ಅಲುಗಿಸಿ ಸದ್ದು ಹೊರಡಿಸುವ ಭಾಗ) ಇರುವ ಮುಚ್ಚಿದ ಪೆಟ್ಟಿಗೆ, 500 ವ್ಯಾಟ್. ಇನ್ನೊಂದು 12 ಇಂಚಿನದು, ಪೋರ್ಟ್ (ಹೊರಕ್ಕೆ ತೆರೆದ ಗಾಳಿಯ ಕೊಳವೆ) ಇರುವಂಥದ್ದು, 300 ವ್ಯಾಟ್. ಸಂಗೀತ, ಸಿನಿಮಾ ಎರಡನ್ನೂ ಹೆಚ್ಚುಕಡಿಮೆ ಸಮವಾಗಿ ಕೇಳುತ್ತೇವೆ. ವ್ಯಾಟ್ ಹೆಚ್ಚಿರುವುದನ್ನೇ ತೆಗೆದುಕೊಳ್ಳಲೇ?

ಉತ್ತರ: ವ್ಯಾಟ್ ನೋಡಿ ಮಾತ್ರ ತೀರ್ಮಾನಿಸಬೇಡಿ. ಉಳಿದೆಲ್ಲವೂ ಒಂದೇ ಆಗಿದ್ದರೆ 300 ಮತ್ತು 500 ವ್ಯಾಟ್‌ಗಳ ನಡುವಿನ ಅಂತರ ಸುಮಾರು 2.2 ಡೆಸಿಬೆಲ್, ಅಂದರೆ ವಾಲ್ಯೂಮ್ ನಾಬ್ ಅನ್ನು ಒಂದಿಷ್ಟು ತಿರುಗಿಸಿದಷ್ಟು. ಅದೂ ಎರಡೂ ಅಂಕಿಗಳು ಆರ್‌ಎಂಎಸ್, ಅಂದರೆ ಸತತ ಶಕ್ತಿಯ ಲೆಕ್ಕದ್ದಾಗಿದ್ದಾಗ ಮಾತ್ರ. ಒಂದು ಕಂಪನಿ ಸತತವಾಗಿ ಕೊಡಬಲ್ಲ ಶಕ್ತಿಯನ್ನೂ ಇನ್ನೊಂದು ಕ್ಷಣಮಾತ್ರದ ಗರಿಷ್ಠ ಶಕ್ತಿಯನ್ನೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ್ದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಸಬ್‌ವೂಫರ್‌ನ ನಿಜವಾದ ಕೆಲಸ ಗಾಳಿಯನ್ನು ತಳ್ಳುವುದು. ಒಂದೇ ಮಟ್ಟದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಬೇಕಾದರೆ ಡ್ರೈವರ್ ನಾಲ್ಕು ಪಟ್ಟು ಗಾಳಿಯನ್ನು ಕದಲಿಸಬೇಕು. 80 ಹರ್ಟ್ಜ್‌ನಿಂದ 40ಕ್ಕೆ ಇಳಿದರೆ ನಾಲ್ಕು ಪಟ್ಟು, ಅಲ್ಲಿಂದ 20ಕ್ಕೆ ಇಳಿದರೆ ಒಟ್ಟು ಹದಿನಾರು ಪಟ್ಟು. ಅಂಗಡಿಯಲ್ಲಿ ಎದೆ ನಡುಗುವಂತೆ ಬಡಿದ ಪುಟ್ಟ ಪೆಟ್ಟಿಗೆ, ಮನೆಯಲ್ಲಿ ಸಿನಿಮಾದ ಅತಿ ತಗ್ಗಿನ ಗುಡುಗು ಬಂದಾಗ ಮೌನ ವಹಿಸುವುದು ಇದಕ್ಕೇ; ಅಲ್ಲಿ ನೀವು ಕೇಳಿದ್ದು ಬಹುಶಃ 60 ಹರ್ಟ್ಜ್‌ನ ಆಸುಪಾಸಿನ ಸದ್ದು. 12 ಇಂಚಿನ ಕೋನ್‌ನ ವಿಸ್ತೀರ್ಣ 10 ಇಂಚಿನದಕ್ಕಿಂತ ಸುಮಾರು 1.44 ಪಟ್ಟು ಹೆಚ್ಚಿರುವುದರಿಂದ, ಅಷ್ಟೇ ಗಾಳಿ ತಳ್ಳಲು ಅದು ಮುಂದಕ್ಕೂ ಹಿಂದಕ್ಕೂ ಕಡಿಮೆ ಓಡಾಡಿದರೆ ಸಾಕು.

ಹಾಗಾದರೆ ಚಿಕ್ಕದಕ್ಕೆ 500 ವ್ಯಾಟ್ ಏಕೆ? ಧ್ವನಿವರ್ಧಕಗಳನ್ನು ಕಟ್ಟುವವರು ಹಾಫ್‌ಮನ್‌ನ ಕಬ್ಬಿಣದ ನಿಯಮವೆಂದು ಕರೆಯುವ ಮಾತೊಂದಿದೆ: ಚಿಕ್ಕ ಪೆಟ್ಟಿಗೆ, ತಗ್ಗಿನ ಸ್ವರ, ಕಡಿಮೆ ವಿದ್ಯುತ್ತಿನಲ್ಲೇ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಟ್ಟುಕೊಡಲೇಬೇಕು. ಚಿಕ್ಕ ಮುಚ್ಚಿದ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿ ಬಿಗಿಯಾದ ಸ್ಪ್ರಿಂಗಿನಂತೆ ಕೋನ್‌ಗೆ ಎದುರು ನಿಲ್ಲುತ್ತದೆ, ಅದನ್ನು ಮಣಿಸಲು ಆಂಪ್ಲಿಫೈಯರ್ ದುಡಿಯಬೇಕು. ಆದ್ದರಿಂದ ಆ 500 ವ್ಯಾಟ್ ಅನ್ನು ಬಲದ ಅಳತೆಯೆಂದು ಓದುವುದಕ್ಕಿಂತ, ಪೆಟ್ಟಿಗೆಯನ್ನು ಚಿಕ್ಕದು ಮಾಡಿದ್ದಕ್ಕೆ ತೆತ್ತ ಸುಂಕವೆಂದು ಓದುವುದು ಹೆಚ್ಚು ಸರಿ.

ಇನ್ನು ಪೋರ್ಟ್‌ನ ವಿಚಾರ. ಕೊಳವೆಯೊಳಗಿನ ಗಾಳಿ ಒಂದು ನಿಗದಿತ ಕಂಪನಾಂಕದಲ್ಲಿ ಅನುರಣಿಸುವಂತೆ ಅದರ ಉದ್ದ, ಅಗಲಗಳನ್ನು ಹೊಂದಿಸಿರುತ್ತಾರೆ. ಅದು 25 ಹರ್ಟ್ಜ್ ಎಂದಿಟ್ಟುಕೊಳ್ಳಿ. ಆ ಸ್ವರ ಬಂದಾಗ ಕೋನ್ ಹೆಚ್ಚು ಅಲುಗುವುದೇ ಇಲ್ಲ; ಸದ್ದಿನ ಬಹುಪಾಲು ಕೊಳವೆಯ ಬಾಯಿಂದ ಬರುತ್ತದೆ. ಅದಕ್ಕಿಂತ ಕೆಳಗಿಳಿದರೆ ಮಾತ್ರ ಕೋನ್‌ಗೆ ಗಾಳಿಯ ಆಸರೆ ತಪ್ಪುತ್ತದೆ, ಸದ್ದು ಪ್ರತಿ ಸ್ಥಾಯಿಗೆ ಸುಮಾರು 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಇಳಿತ ಬೇಗನೆ ಶುರುವಾದರೂ ಅದರ ವೇಗ ಸ್ಥಾಯಿಗೆ 12 ಡೆಸಿಬೆಲ್ ಮಾತ್ರ. ನಿಮ್ಮ ಕೋಣೆಯ ಲೆಕ್ಕ ಇಲ್ಲಿಯೇ ಬರುತ್ತದೆ. ಕೋಣೆಯ ಅತಿ ಉದ್ದದ ಅಳತೆಗಿಂತ ಅರ್ಧ ತರಂಗಾಂತರವೇ ದೊಡ್ಡದಾದಾಗ, ನಿಮ್ಮಲ್ಲಿ ಅದು ಸುಮಾರು 34 ಹರ್ಟ್ಜ್‌ಗಿಂತ ಕೆಳಗೆ, ಮುಚ್ಚಿದ ಕೋಣೆಯ ಗಾಳಿ ಒಟ್ಟಾಗಿ ಒತ್ತಲ್ಪಟ್ಟು ಬಾಸ್, ಅಂದರೆ ತಗ್ಗಿನ ಸ್ವರಗಳನ್ನು ತಾನಾಗಿಯೇ ಏರಿಸುತ್ತದೆ. ಮುಚ್ಚಿದ ಪೆಟ್ಟಿಗೆ ಕಳೆದುಕೊಳ್ಳುವುದರಲ್ಲಿ ಒಂದಷ್ಟನ್ನು ಕೋಣೆಯೇ ತುಂಬಿಕೊಡುತ್ತದೆ ಎಂದಾಯಿತು. ಆದರೆ ನೀವು ಬಾಗಿಲು ತೆರೆದಿಟ್ಟು ಕೇಳುವವರಾದರೆ ಈ ಲಾಭದ ಬಹುಭಾಗ ಬಾಗಿಲಿನಿಂದಲೇ ಹೊರಟುಹೋಗುತ್ತದೆ.

ಬಾಸ್ ಗಿಟಾರಿನ ಅತಿ ದಪ್ಪ ತಂತಿ ಮಿಡಿಯುವುದು 41 ಹರ್ಟ್ಜ್‌ನಲ್ಲಿ, ಪಿಯಾನೋದ ಕೊನೆಯ ಕೀಲಿ 27.5ರಲ್ಲಿ. ಸಂಗೀತದ ಹೆಚ್ಚಿನ ಪಾಲು 40ರ ಮೇಲೆಯೇ ನಡೆದುಹೋಗುತ್ತದೆ; 30ರ ಕೆಳಗಿನ ಜಾಗವನ್ನು ಬಳಸುವುದು ಮುಖ್ಯವಾಗಿ ಸಿನಿಮಾದ ಸ್ಫೋಟ, ಕುಸಿತಗಳು. ಬಾಗಿಲು ಹಾಕಿಕೊಂಡು, ಹದವಾದ ಸದ್ದಿನಲ್ಲಿ ಕೇಳುವ ಮನೆಗೆ ನಾನಾದರೆ 10 ಇಂಚಿನ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸುತ್ತಿದ್ದೆ. ಚಿತ್ರಮಂದಿರದಷ್ಟು ಸದ್ದೇ ಬೇಕು, ದೊಡ್ಡ ಪೆಟ್ಟಿಗೆಗೆ ಜಾಗವೂ ಇದೆ ಎನ್ನುವುದಾದರೆ ಪೋರ್ಟ್ ಇರುವ 12 ಇಂಚಿನದಕ್ಕೆ ಸಾಟಿಯಿಲ್ಲ. ಎರಡಕ್ಕೂ ಸಿಟಿಎ-2010 ಎಂಬ ಪದ್ಧತಿಯಲ್ಲಿ ಅಳೆದ ಗರಿಷ್ಠ ಸದ್ದಿನ ಅಂಕಿಗಳು ಸಿಕ್ಕಿದರೆ 20, 25, 31.5 ಹರ್ಟ್ಜ್‌ಗಳ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ; ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಹೇಳದೆ ಬರಿದೇ ‘20 ರಿಂದ 200 ಹರ್ಟ್ಜ್’ ಎಂದಿರುವ ವಿವರಪತ್ರವನ್ನು ಓದದಿದ್ದರೂ ನಷ್ಟವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಈ ಎರಡರ ನಡುವಿನ ವ್ಯತ್ಯಾಸಕ್ಕಿಂತ ನೀವು ಅದನ್ನು ಎಲ್ಲಿ ಇಡುತ್ತೀರಿ ಎಂಬುದರಿಂದ ಆಗುವ ವ್ಯತ್ಯಾಸವೇ ದೊಡ್ಡದು. ನಾನು ಮೊದಲ ಸಬ್‌ವೂಫರ್ ಅನ್ನು ಜಾಗ ಖಾಲಿಯಿದೆಯೆಂದು ಮೂಲೆಗೆ ನೂಕಿ, ತಿಂಗಳುಗಟ್ಟಲೆ ಅದರ ಗುಂಯ್‌ಗುಡುವಿಕೆಗೆ ತಯಾರಕರನ್ನು ಬೈದುಕೊಂಡವನು. ನಿಮ್ಮ ಕೋಣೆಯಲ್ಲಿ ಉದ್ದಕ್ಕೆ 34, ಅಗಲಕ್ಕೆ 43, ಎತ್ತರಕ್ಕೆ 57 ಹರ್ಟ್ಜ್‌ಗಳ ಸುತ್ತ ಸ್ಥಿರ ತರಂಗಗಳು (ಗೋಡೆಗಳ ನಡುವೆ ಪುಟಿದು ಕೆಲವೆಡೆ ಉಬ್ಬಿ, ಕೆಲವೆಡೆ ತಗ್ಗಿ ನಿಲ್ಲುವ ಸದ್ದು) ಏಳುತ್ತವೆ. ಸೋಫಾ ಹಿಂಗೋಡೆಗೆ ಅಂಟಿಕೊಂಡಿದ್ದರೆ 34 ಹರ್ಟ್ಜ್ ಉಬ್ಬಿ ಕೇಳುತ್ತದೆ. ಅದೇ ಸೋಫಾ ಉದ್ದದ ನಟ್ಟನಡುವೆ ಇದ್ದರೆ ಆ ಸ್ವರ ಹೆಚ್ಚುಕಡಿಮೆ ಮಾಯವಾಗುತ್ತದೆ. ಉಬ್ಬನ್ನು ರಿಸೀವರ್‌ನ ಈಕ್ವಲೈಸರ್ ತಗ್ಗಿಸಬಲ್ಲದು, ತಗ್ಗನ್ನು ಮಾತ್ರ ತುಂಬಲಾರದು, ಅಲ್ಲಿಗೆ ಎಷ್ಟು ವ್ಯಾಟ್ ಸುರಿದರೂ ವ್ಯರ್ಥ.

ಮಾಡಬೇಕಾದ್ದು ಇಷ್ಟು. ಸಬ್‌ವೂಫರ್ ಅನ್ನು ತಾತ್ಕಾಲಿಕವಾಗಿ ನೀವು ಕುಳಿತು ಕೇಳುವ ಸ್ಥಳದಲ್ಲೇ ಇಟ್ಟು, ಬಾಸ್ ಗಿಟಾರ್ ಮೇಲಿಂದ ಕೆಳಗೆ ಮೆಟ್ಟಿಲಿಳಿದಂತೆ ಇಳಿಯುವ ಒಂದು ತುಣುಕನ್ನು ಮತ್ತೆ ಮತ್ತೆ ನುಡಿಸಿ. ಆಮೇಲೆ ಗೋಡೆಯಂಚಿನಲ್ಲಿ, ಕಿವಿ ನೆಲಕ್ಕೆ ಹತ್ತಿರವಾಗುವಂತೆ ಅಂಬೆಗಾಲಿಕ್ಕುತ್ತ ಹೋಗಿ. ಒಂದು ಕಡೆ ಒಂದೇ ಸ್ವರ ಉಳಿದವನ್ನು ನುಂಗಿಬಿಡುತ್ತದೆ, ಎರಡು ಹೆಜ್ಜೆ ಆಚೆ ಒಂದು ಸ್ವರ ಕಾಣೆಯಾಗಿರುತ್ತದೆ. ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ ಕೇಳಿದ ಜಾಗಕ್ಕೆ ಒಂದು ಗುರುತು ಹಾಕಿ. ಪೆಟ್ಟಿಗೆ ಇರಬೇಕಾದ್ದು ಅಲ್ಲಿ. ಮನೆಯವರು ನಗುತ್ತಾರೆ, ನಗಲಿ.

ಜೋಡಣೆಯ ಮಾತು ಚಿಕ್ಕದು. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸ್‌ಓವರ್ ಅನ್ನು, ಅಂದರೆ ಎಲ್ಲಿಂದ ಕೆಳಗಿನ ಸ್ವರ ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಜ್‌ಗೆ ಇಟ್ಟು ಆರಂಭಿಸಿ. ಸಬ್‌ವೂಫರ್‌ನ ಬೆನ್ನಿನ ಮೇಲಿರುವ ಕ್ರಾಸ್‌ಓವರ್ ನಾಬ್ ಅನ್ನು ಅತಿ ಹೆಚ್ಚಿನ ಅಂಕಿಯವರೆಗೆ ತಿರುಗಿಸಿಬಿಡಿ, ಇಲ್ಲವಾದರೆ ಒಂದೇ ಸಂಕೇತ ಎರಡು ಸಲ ಸೋಸಲ್ಪಡುತ್ತದೆ.

ಪ್ರಶ್ನೆ: ಒಂದು ದೊಡ್ಡ ಸಬ್‌ವೂಫರ್ ಒಳ್ಳೆಯದೋ, ಅದೇ ಖರ್ಚಿನಲ್ಲಿ ಎರಡು ಸಣ್ಣವು ಒಳ್ಳೆಯವೋ?

ಉತ್ತರ: ಒಬ್ಬರೇ ಒಂದೇ ಕುರ್ಚಿಯಲ್ಲಿ ಕುಳಿತು ಕೇಳುವುದಾದರೆ ಒಂದು ದೊಡ್ಡದು. ನಾಲ್ಕಾರು ಜನ ಬೇರೆ ಬೇರೆ ಕಡೆ ಕೂರುವ ಮನೆಯಾದರೆ ಎರಡು. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಈ ಪ್ರಶ್ನೆಯನ್ನೇ ಪರೀಕ್ಷಿಸಿ, ಆಯತಾಕಾರದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಒಂದೊಂದನ್ನು ಇಟ್ಟಾಗ ಎಲ್ಲ ಆಸನಗಳಲ್ಲೂ ಬಾಸ್ ಹೆಚ್ಚು ಸಮನಾಗುತ್ತದೆಂದು ತೋರಿಸಿದರು. ಉದ್ದನೆಯ ಕೋಣೆಯ ಮೊದಲ ಸ್ಥಿರ ತರಂಗವನ್ನು ಒಂದು ತುದಿಯ ಪೆಟ್ಟಿಗೆ ಎಬ್ಬಿಸುತ್ತಿದ್ದರೆ ಇನ್ನೊಂದು ತುದಿಯದು ಅದನ್ನು ಅಡಗಿಸುತ್ತದೆ, ಎರಡೂ ಅಗಲದ ನಡುವೆ ಇರುವುದರಿಂದ ಅಡ್ಡ ದಿಕ್ಕಿನ ಮೊದಲ ತರಂಗವೂ ಏಳುವುದಿಲ್ಲ. ಎರಡೂ ಒಂದೇ ಮಾದರಿಯವಾಗಿರಲಿ. ಆದರೆ 35 ಹರ್ಟ್ಜ್‌ನಲ್ಲೇ ಸುಸ್ತಾಗುವ ಎರಡು ಪೆಟ್ಟಿಗೆಗಳನ್ನು ಕೂಡಿಸಿದರೆ 20 ಹರ್ಟ್ಜ್ ಹುಟ್ಟುವುದಿಲ್ಲ, 35ರ ಮೇಲಿನದು ಜೋರಾಗುತ್ತದೆ ಅಷ್ಟೇ.

ಪ್ರಶ್ನೆ: ನನ್ನದು ಹಳೆಯ ಸ್ಟೀರಿಯೊ ಆಂಪ್ಲಿಫೈಯರ್. ಅದರಲ್ಲಿ ಸಬ್‌ವೂಫರ್‌ಗೆ ಪ್ರತ್ಯೇಕ ಔಟ್‌ಪುಟ್ ಇಲ್ಲ.

ಉತ್ತರ: ಹೈ ಲೆವೆಲ್ ಅಥವಾ ಸ್ಪೀಕರ್ ಲೆವೆಲ್ ಇನ್‌ಪುಟ್ ಇರುವ ಸಬ್‌ವೂಫರ್ ಅನ್ನೇ ಕೇಳಿ ಪಡೆಯಿರಿ. ಸ್ಪೀಕರ್ ತಂತಿಗಳ ಜೊತೆಗೇ ಇನ್ನೊಂದು ಜೋಡಿ ತಂತಿಯನ್ನು ಅದಕ್ಕೆ ಎಳೆದರಾಯಿತು. ಸಬ್‌ವೂಫರ್ ತನ್ನದೇ ಆಂಪ್ಲಿಫೈಯರ್ ಹೊಂದಿರುವುದರಿಂದ ನಿಮ್ಮದರ ಮೇಲೆ ಹೊರೆ ಬೀಳುವುದಿಲ್ಲ. ಇಲ್ಲಿ ಮಾತ್ರ ಸಬ್‌ವೂಫರ್‌ನ ಕ್ರಾಸ್‌ಓವರ್ ನಾಬ್ ಅನ್ನು ಬಳಸಬೇಕು. ನಿಮ್ಮ ಸ್ಪೀಕರ್ ಸೋಲತೊಡಗುವ ಕಡೆ ಅದನ್ನು ನಿಲ್ಲಿಸಿ. ಬ್ರಿಡ್ಜ್ ಮಾಡಿದ ಔಟ್‌ಪುಟ್ (ಕೆಂಪು, ಕಪ್ಪು ಎರಡೂ ತುದಿಗಳಲ್ಲಿ ಸಂಕೇತ ಹರಿಯುವಂಥದ್ದು) ಇರುವ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ತುದಿಯನ್ನು ಗ್ರೌಂಡ್‌ಗೆ ಜೋಡಿಸಿದರೆ ಅವು ಸುಟ್ಟುಹೋಗಬಹುದು, ಕೈಪಿಡಿ ನೋಡದೆ ತಂತಿ ಮುಟ್ಟಬೇಡಿ.

ಪ್ರಶ್ನೆ: ಹೊಸ ಸಬ್‌ವೂಫರ್ ಹಾಡಿಲ್ಲದಾಗಲೂ ‘ಹೂಂ’ ಎಂದು ಗುನುಗುತ್ತಲೇ ಇರುತ್ತದೆ. ಬದಲಾಯಿಸಿಕೊಳ್ಳಬೇಕೆ?

ಉತ್ತರ: ಮೊದಲು ಸಂಕೇತದ ಕೇಬಲ್ ಅನ್ನು ಸಬ್‌ವೂಫರ್‌ನ ತುದಿಯಲ್ಲಿ ಕಿತ್ತು ನೋಡಿ. ಆಗಲೂ ಗುನುಗು ಜೋರಾಗಿದ್ದರೆ ದೋಷ ಯಂತ್ರದ್ದೇ, ಹಿಂದಿರುಗಿಸಿ. ನಿಂತುಹೋದರೆ, ಎರಡು ಉಪಕರಣಗಳು ಎರಡು ದಾರಿಯಲ್ಲಿ ಭೂಮಿಗೆ ಸೇರಿ, ನಡುವೆ ಸುತ್ತುವ ವಿದ್ಯುತ್ತಿನ 50 ಅಥವಾ 60 ಹರ್ಟ್ಜ್‌ನ ಸದ್ದೇ ನಿಮಗೆ ಕೇಳುತ್ತಿರುವ ಸಾಧ್ಯತೆ ಹೆಚ್ಚು. ರಿಸೀವರ್ ಮತ್ತು ಸಬ್‌ವೂಫರ್ ಎರಡನ್ನೂ ಒಂದೇ ಸಾಕೆಟ್‌ನಿಂದ ಓಡಿಸಿ ನೋಡಿ. ಆಗಲೂ ಹೋಗದಿದ್ದರೆ ಟಿವಿಗೆ ಬರುವ ಕೇಬಲ್ ಅಥವಾ ಡಿಶ್‌ನ ತಂತಿಯನ್ನು ತೆಗೆದು ನೋಡಿ, ಎಷ್ಟೋ ಮನೆಗಳಲ್ಲಿ ಕಳ್ಳ ಅಲ್ಲೇ ಇರುತ್ತಾನೆ. ಅದೇ ಕಾರಣವೆಂದು ಖಚಿತವಾದರೆ ಆ ತಂತಿಗೆ ಐಸೊಲೇಟರ್ ಹಾಕಿಸಿ. ಪ್ಲಗ್‌ನ ಅರ್ತ್ ಪಿನ್ ಮುರಿದರೆ ಗುನುಗು ನಿಲ್ಲುತ್ತದೆಂದು ಯಾರಾದರೂ ಸಲಹೆ ಕೊಟ್ಟಾರು. ಹಾಗೆ ಮಾಡಬೇಡಿ, ಒಳಗೆ ತಂತಿ ಸಡಿಲವಾದ ದಿನ ಪೆಟ್ಟಿಗೆಯ ಹಿಂದಿನ ಲೋಹದ ಫಲಕವನ್ನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.